ಬೇರಿನ ಗಂಟು, ಮರಳಿನ ನಂಟು

ಶಿವಮೊಗ್ಗ, ಭದ್ರಾವತಿಗಳ ಹಿತ್ತಿಲಲ್ಲಿ ತರಕಾರಿ ಬೆಳೆಯುವವರ ಬಾಯಲ್ಲಿ ಎರಡು ದೂರು ಸದಾ ಇರುತ್ತವೆ. ಒಂದು, ಎಷ್ಟು ನೀರು ಹಾಕಿದರೂ ನೆಲ ಕುಡಿದುಬಿಡುತ್ತದೆ, ಮಧ್ಯಾಹ್ನಕ್ಕೆ ಗಿಡ ಬಾಡುತ್ತದೆ. ಇನ್ನೊಂದು, ಹುಳುವಿನ ಕಾಟ ತಡೆಯಲಾಗುತ್ತಿಲ್ಲ, ಏನು ಹೊಡೆಯಬೇಕು ಹೇಳಿ. ಮೊದಲನೆಯದಕ್ಕೆ ಇನ್ನೆರಡು ಕೊಡ ನೀರು ಸುರಿಯುತ್ತೇವೆ, ಎರಡನೆಯದಕ್ಕೆ ಗೊಬ್ಬರದಂಗಡಿಯಿಂದ ಬಾಟಲಿ ತರುತ್ತೇವೆ. ಮರಳು ಹೆಚ್ಚಿರುವ ನೆಲದಲ್ಲಿ ಈ ಎರಡಕ್ಕೂ ಮೂಲ ಒಂದೇ. ನೀರನ್ನು ಹಿಡಿದಿಡಲಾರದ ಮಣ್ಣು ಹುಳುವನ್ನೂ ತಡೆಯಲಾರದು. ಅದು ಹೇಗೆಂದು ತಿಳಿದುಕೊಂಡರೆ ಬಾಟಲಿಯ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ.

ಈ ಮರಳು ಬಂದದ್ದೆಲ್ಲಿಂದ? ತುಂಗೆಯೂ ಭದ್ರೆಯೂ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಒಂದು ಶಿವಮೊಗ್ಗವನ್ನೂ ಇನ್ನೊಂದು ಭದ್ರಾವತಿಯನ್ನೂ ಹಾದು ಕೂಡಲಿಯಲ್ಲಿ ಒಂದಾಗುತ್ತವೆ. ಈ ಸೀಮೆಯ ತಳಬಂಡೆಯ ದೊಡ್ಡ ಪಾಲು ನೈಸ್ ಮತ್ತು ಗ್ರಾನೈಟ್ ಜಾತಿಯದು. ಅದರಲ್ಲಿ 300 ಕೋಟಿ ವರ್ಷದಷ್ಟು ಹಳೆಯ ಭಾಗಗಳಿವೆ. ಇಂಥ ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಮಳೆನೀರಿಗೆ ಸಿಕ್ಕಿ ಸವೆದು ನುಣ್ಣನೆಯ ಜೇಡಿಯಾಗುತ್ತದೆ. ಬೆಣಚುಕಲ್ಲು ಮಾತ್ರ ಯಾವ ಮಳೆಗೂ ಜಗ್ಗದೆ ಕಣಕಣವಾಗಿ ಉಳಿದುಕೊಳ್ಳುತ್ತದೆ. ಅದೇ ಮರಳು. ಜೇಡಿ ಮಳೆಯ ಜೊತೆ ಹರಿದು ತಗ್ಗಿನ ಗದ್ದೆಯನ್ನೋ ಕೆರೆಯನ್ನೋ ಸೇರುತ್ತದೆ, ಮರಳು ದಿಬ್ಬದಲ್ಲೇ ನಿಲ್ಲುತ್ತದೆ. ಬಂಡೆಯೊಳಗಿನ ಕಬ್ಬಿಣ ತುಕ್ಕಾಗಿ ಅದಕ್ಕೆ ಕೆಂಪು ಬಣ್ಣ ಬರುತ್ತದೆ. ಇಲ್ಲಿನ ಮರಳುಮಿಶ್ರಿತ ಕೆಂಪು ಮಣ್ಣು ಹುಟ್ಟಿದ್ದು ಹೀಗೆ. ಹೊಳೆದಂಡೆಯ ನೆಲದಲ್ಲಿ ನೆರೆ ತಂದು ಹಾಕಿದ ಮರಳಿನ ಪದರವೂ ಸಿಗುತ್ತದೆ. ಹೊಸ ಬಡಾವಣೆಗಳಲ್ಲಿ ಮನುಷ್ಯನ ಕೊಡುಗೆ ಬೇರೆ ಇದೆ. ಪಾಯ ತೆಗೆಯುವಾಗ ಮೇಲ್ಮಣ್ಣು ಹೋಗುತ್ತದೆ, ಅದರ ಜಾಗಕ್ಕೆ ಗೊಚ್ಚು ಬರುತ್ತದೆ, ಗಾರೆ ಕೆಲಸದಲ್ಲಿ ಮಿಕ್ಕ ಎಂ-ಸ್ಯಾಂಡ್ ಮತ್ತು ಸಿಮೆಂಟಿನ ಚೂರು ಹಿತ್ತಿಲಿಗೇ ಹರಡುತ್ತದೆ.

ನಿಮ್ಮ ಮಣ್ಣು ಎಂಥದೆಂದು ತಿಳಿಯಲು ಒಂದು ಗಾಜಿನ ಬಾಟಲಿ ಸಾಕು. ಅರ್ಧದಷ್ಟು ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ನಿಲ್ಲಿಸಿ. ಮೊದಲ ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಒಂದೆರಡು ಗಂಟೆಯೊಳಗೆ ಅದರ ಮೇಲೆ ಕೂರುವುದು ಗೋಡು. ಜೇಡಿ ತಿಳಿಯಾಗಿ ಕೂರಲು ಒಂದು ದಿನವೋ ಇನ್ನೂ ಹೆಚ್ಚೋ ಬೇಕು. ಮೂರು ಪದರಗಳನ್ನೂ ಅಡಿಪಟ್ಟಿಯಲ್ಲಿ ಅಳೆದರೆ ಲೆಕ್ಕ ಸಿಕ್ಕಿತು. ಮುಕ್ಕಾಲು ಪಾಲು ಮರಳೇ ಇದ್ದರೆ ಈ ಅಧ್ಯಾಯ ನಿಮಗಾಗಿಯೇ ಬರೆದದ್ದು.

ಮರಳು, ಜೇಡಿಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಗಾತ್ರದ್ದು. ಮರಳಿನ ಕಣ 2 ಮಿಲಿಮೀಟರಿನವರೆಗೂ ಇರಬಹುದು. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಚಿಕ್ಕದು. ಒಂದು ಸೆಂಟಿಮೀಟರ್ ಉದ್ದಗಲದ ಕಲ್ಲಿನ ಘನವೊಂದಕ್ಕೆ ಆರು ಚದರ ಸೆಂಟಿಮೀಟರ್ ಮೇಲ್ಮೈ ಇರುತ್ತದೆ. ಅದನ್ನು ಒಂದೊಂದು ಮಿಲಿಮೀಟರಿನ ಚೂರು ಮಾಡಿದರೆ ಮೇಲ್ಮೈ 60 ಚದರ ಸೆಂಟಿಮೀಟರಿಗೆ ಏರುತ್ತದೆ. ಜೇಡಿಯ ಗಾತ್ರಕ್ಕೆ ಇಳಿಸಿದರೆ ಅದೇ ಕಲ್ಲಿಗೆ ಮೂರು ಚದರ ಮೀಟರ್ ಮೇಲ್ಮೈ! ಮಣ್ಣಿನಲ್ಲಿ ನೀರು ನಿಲ್ಲುವುದು ಕಣಗಳ ಮೈಗೆ ಅಂಟಿಕೊಂಡು ಮತ್ತು ಅವುಗಳ ನಡುವಿನ ಸಣ್ಣ ಸಂದುಗಳಲ್ಲಿ. ಮರಳಿಗೆ ಅಂಟಿಸಿಕೊಳ್ಳಲು ಮೈಯೂ ಕಡಿಮೆ, ಸಂದೂ ದೊಡ್ಡದು. ನೀರು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ.

ಇದನ್ನು ಕೊಡದ ಲೆಕ್ಕಕ್ಕೆ ತರೋಣ. ತರಕಾರಿಯ ಬೇರು ಹೆಚ್ಚಾಗಿ ಮೇಲಿನ ಒಂದು ಅಡಿಯಲ್ಲಿರುತ್ತದೆ. ಆ ಒಂದಡಿ ಮರಳು ನೆಲ ಗಿಡಕ್ಕೆ ದಕ್ಕುವಂತೆ ಹಿಡಿದಿಡಬಲ್ಲ ನೀರು ಸುಮಾರು 25 ಮಿಲಿಮೀಟರ್. ಹದವಾದ ಗೋಡು ಮಣ್ಣಾದರೆ ಇದರ ಎರಡು ಪಟ್ಟು ಹಿಡಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಿಡ ಮತ್ತು ನೆಲ ಸೇರಿ ದಿನಕ್ಕೆ 5 ಮಿಲಿಮೀಟರಿನಷ್ಟು, ಅಂದರೆ ಚದರ ಮೀಟರಿಗೆ ಐದು ಲೀಟರ್, ಆವಿ ಮಾಡುತ್ತವೆ. ಇರುವ ನೀರಿನಲ್ಲಿ ಅರ್ಧ ಖರ್ಚಾಗುತ್ತಿದ್ದಂತೆ ಗಿಡಕ್ಕೆ ಕಷ್ಟ ಶುರು. ಹಾಗಾಗಿ ಎರಡು ಅಥವಾ ಎರಡೂವರೆ ದಿನಕ್ಕೆ ದಾಸ್ತಾನು ಮುಗಿಯಿತು. ಬೇರು ಮೇಲೇ ಇರುವ ಹರಿವೆ, ಕೊತ್ತಂಬರಿಗೆ ಒಂದೇ ದಿನ. ನಾಲ್ಕು ದಿನಕ್ಕೊಮ್ಮೆ ಪೈಪು ಬಿಟ್ಟು ಮಡಿ ತುಂಬಿಸುವವರು ಹಾಕಿದ ನೀರಿನಲ್ಲಿ ಬಹುಪಾಲು ಬೇರಿಗೆ ಎಟುಕದ ಆಳಕ್ಕೆ ಹೋಗುತ್ತದೆ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿಗೆ ಬೇಸಿಗೆಯಲ್ಲಿ ದಿನಕ್ಕೊಂದು ದೊಡ್ಡ ಕೊಡ, ಅಷ್ಟೇ. ಆದರೆ ದಿನವೂ ಬೇಕು.

ನೀರು ಇಳಿಯುವಾಗ ಒಬ್ಬಂಟಿಯಾಗಿ ಇಳಿಯುವುದಿಲ್ಲ. ಜೇಡಿಯ ಮತ್ತು ಕೊಳೆತ ಸಾವಯವ ಪದಾರ್ಥದ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಧನ ಅಂಶದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಅಮೋನಿಯಂಗಳನ್ನು ಅದು ಹಿಡಿದಿಟ್ಟುಕೊಂಡು ಬೇರಿಗೆ ನಿಧಾನವಾಗಿ ಕೊಡುತ್ತದೆ. ಬರಿ ಮರಳಿಗೆ ಈ ಹಿಡಿತ ತೀರ ಕಡಿಮೆ. ನೈಟ್ರೇಟಿನದಂತೂ ಋಣ ಅಂಶವೇ, ಅದನ್ನು ಹಿಡಿಯುವವರೇ ಇಲ್ಲ. ನಾವು ಹಾಕಿದ ಯೂರಿಯಾ ಬೆಚ್ಚಗಿನ ನೆಲದಲ್ಲಿ ಒಂದೆರಡು ವಾರದೊಳಗೆ ನೈಟ್ರೇಟಾಗುತ್ತದೆ. ಆಮೇಲೆ ಒಂದಿಂಚು ಮಳೆ ಬಿದ್ದರೆ ಹಸಿ ಮರಳಿನಲ್ಲಿ ಅದು ಹತ್ತಿರ ಹತ್ತಿರ ಒಂದು ಗೇಣು ಕೆಳಗೆ ಜಾರುತ್ತದೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಒಂದಿಂಚು ಬೀಳಲು ಇಲ್ಲಿ ಎಷ್ಟು ಹೊತ್ತು ಬೇಕು? ಮಳೆಗಾಲದ ನಡುವೆ ಹಿತ್ತಿಲ ಗಿಡಗಳು ಹಳದಿಗಟ್ಟುವುದು ಇದಕ್ಕಾಗಿ.

ಇಲ್ಲಿಂದ ಹುಳುವಿನ ಕಥೆ ಶುರುವಾಗುತ್ತದೆ. ಗಿಡ ಹಳದಿಯಾಯಿತೆಂದು ಇನ್ನೊಂದು ಹಿಡಿ ಯೂರಿಯಾ ಬೀಳುತ್ತದೆ. ಅದು ಕೊಚ್ಚಿಹೋಗುವ ಮುನ್ನ ಗಿಡ ಸಿಕ್ಕಷ್ಟನ್ನೂ ಒಮ್ಮೆಗೇ ಹೀರಿ ಮೆತ್ತಗಿನ, ರಸ ತುಂಬಿದ ಎಳೆ ಚಿಗುರು ಬಿಡುತ್ತದೆ. ಅದರ ರಸದಲ್ಲಿ ಅಮೈನೋ ಆಮ್ಲಗಳು ಹೆಚ್ಚು. ಸಸ್ಯಹೇನು, ಬಿಳಿನೊಣ, ಜಿಗಿಹುಳುಗಳ ಸಂತಾನ ಬೆಳೆಯಲು ಇದಕ್ಕಿಂತ ಒಳ್ಳೆಯ ಊಟವಿಲ್ಲ. ಒಮ್ಮೆ ಹಸಿವು, ಒಮ್ಮೆ ಅಜೀರ್ಣ ಎಂಬಂತೆ ಬೆಳೆದ ಗಿಡವನ್ನು ಕೀಟಗಳು ಬೇಗ ಹುಡುಕುತ್ತವೆ. ನಾವು ಎಲೆಯ ಮೇಲೆ ಔಷಧಿ ಹೊಡೆಯುತ್ತಿರುತ್ತೇವೆ, ಕಾರಣ ನೆಲದಲ್ಲಿರುತ್ತದೆ.

ಮರಳು ನೆಲದ ನಿಜವಾದ ಶತ್ರು ಇನ್ನೂ ಕಣ್ಣಿಗೆ ಬಿದ್ದಿಲ್ಲ. ಅದರ ಹೆಸರು ಬೇರುಗಂಟು ಜಂತುಹುಳು, ಮೆಲಾಯ್ಡೊಗೈನಿ ಕುಲದ್ದು. ಮೊಟ್ಟೆಯೊಡೆದು ಬರುವ ಮರಿಯ ಉದ್ದ ಅರ್ಧ ಮಿಲಿಮೀಟರೂ ಇಲ್ಲ. ಮಣ್ಣಿನ ಸಂದುಗಳಲ್ಲಿರುವ ತೆಳುವಾದ ನೀರಿನ ಪೊರೆಯಲ್ಲಿ ಅದು ಈಜುತ್ತದೆ. ಜೇಡಿಯ ಇಕ್ಕಟ್ಟಿನ ಸಂದುಗಳಲ್ಲಿ ಅದಕ್ಕೆ ನುಸುಳಾಟ ಕಷ್ಟ. ಮರಳಿನ ಅಗಲ ಸಂದುಗಳು ಹೆದ್ದಾರಿ. ಜಗತ್ತಿನ ಎಲ್ಲ ಕಡೆಯೂ ಈ ಜಂತುವಿನ ಹಾವಳಿ ಮರಳುಮಿಶ್ರಿತ ನೆಲದಲ್ಲೇ ಹೆಚ್ಚು ಕಾಣುವುದಕ್ಕೆ ಇದು ಮುಖ್ಯ ಕಾರಣ. ಮರಿ ಬೇರಿನ ತುದಿಯಲ್ಲಿ ಒಳನುಗ್ಗಿ, ನೀರು ಸಾಗಿಸುವ ನಾಳಗಳ ಪಕ್ಕ ಬೀಡುಬಿಟ್ಟು, ತನ್ನ ಜೊಲ್ಲಿನಿಂದ ಅಲ್ಲಿನ ಕೆಲವು ಜೀವಕೋಶಗಳ ನಡತೆಯನ್ನೇ ಬದಲಿಸುತ್ತದೆ. ಆ ಕೋಶಗಳು ಒಡೆಯದೆ ಉಬ್ಬಿ, ಒಂದೊಂದರಲ್ಲೂ ಅನೇಕ ಕೋಶಕೇಂದ್ರಗಳು ತುಂಬಿ, ಗಿಡದ ಆಹಾರವನ್ನು ಸೆಳೆದು ಜಂತುವಿಗೆ ಉಣಿಸುವ ದೈತ್ಯಕೋಶಗಳಾಗುತ್ತವೆ. ಸುತ್ತಲಿನ ಬೇರು ಊದಿಕೊಂಡು ಗಂಟಾಗುತ್ತದೆ. ಹೆಣ್ಣು ಅಲ್ಲೇ ಪೇರಳೆಯಾಕಾರಕ್ಕೆ ಉಬ್ಬಿ, ಅಂಟಿನ ಮುದ್ದೆಯಲ್ಲಿ ನೂರಾರು ಮೊಟ್ಟೆ ಇಡುತ್ತದೆ. ನಮ್ಮ ನೆಲದ ಬಿಸಿಗೆ ಒಂದು ತಲೆಮಾರು ಮುಗಿಯಲು ಸುಮಾರು ನಾಲ್ಕು ವಾರ ಸಾಕು. ಒಂದು ಬೆಂಡೆ ಬೆಳೆ ಮುಗಿಯುವುದರೊಳಗೆ ಮೂರು ತಲೆಮಾರು ಆಗಿಹೋಗುತ್ತದೆ.

ನೀರು ಸಾಗಿಸುವ ನಾಳಗಳು ಹೀಗೆ ತಿರುಚಿಹೋದ ಮೇಲೆ ನೆಲ ತೇವವಿದ್ದರೂ ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆ ಮತ್ತೆ ಎದ್ದು ನಿಲ್ಲುತ್ತದೆ. ನೋಡಿದವರಿಗೆ ನೀರಿನ ಕೊರತೆ ಎನ್ನಿಸುತ್ತದೆ. ಇನ್ನೆರಡು ಕೊಡ ಸುರಿಯುತ್ತಾರೆ, ಇದ್ದ ನೈಟ್ರೇಟೂ ಇಳಿದುಹೋಗುತ್ತದೆ, ಎಲೆ ಹಳದಿಯಾಗುತ್ತದೆ, ಯೂರಿಯಾ ಬೀಳುತ್ತದೆ, ಬಿಳಿನೊಣ ಬರುತ್ತದೆ. ಆರಂಭದಲ್ಲಿ ಹೇಳಿದ ಎರಡು ದೂರುಗಳು ಸೇರುವ ಜಾಗ ಇದು. ಟೊಮೆಟೊ, ಬದನೆ, ಬೆಂಡೆ, ಸೌತೆ, ಹೀರೆ, ಹಾಗಲ, ಹುರುಳಿಕಾಯಿ ಎಲ್ಲವೂ ಈ ಜಂತುವಿಗೆ ಪ್ರಿಯ. ಹಿತ್ತಿಲಿನಲ್ಲಿ ನಾವು ಸರದಿಯಂತೆ ಬೆಳೆಯುವುದೂ ಇವನ್ನೇ.

ಒಂದು ಎಚ್ಚರಿಕೆ. ಅಲಸಂದೆಯ ಬೇರಿನಲ್ಲಿ ಕಾಣುವ ಗಂಟೆಲ್ಲ ರೋಗವಲ್ಲ. ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾದ ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಬೆರಳಿನಲ್ಲಿ ಉಜ್ಜಿದರೆ ಉದುರುತ್ತವೆ, ಒಡೆದರೆ ಒಳಗೆ ನಸುಗೆಂಪು. ಜಂತುವಿನ ಗಂಟು ಬೇರಿನ ಮೈಯೇ ಊದಿಕೊಂಡದ್ದು, ಉದುರುವುದಿಲ್ಲ.

ಇದಕ್ಕೆ ಮದ್ದು ಅಂಗಡಿಗಿಂತ ಹೆಚ್ಚಾಗಿ ಪಂಚಾಂಗದಲ್ಲಿದೆ. ಬೆಳೆಯ ಹೊತ್ತನ್ನು ಬದಲಿಸಬೇಕು. ಏಪ್ರಿಲ್, ಮೇನಲ್ಲಿ ಮಡಿಯನ್ನು ಅಗೆದು, ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹಾಸಿ ಅಂಚಿಗೆ ಮಣ್ಣು ಮುಚ್ಚಿ. ನಾಲ್ಕರಿಂದ ಆರು ವಾರ ಬಿಸಿಲಿಗೆ ಕಾದ ನೆಲದಲ್ಲಿ ಮೇಲಿನ ಪದರದ ಮೊಟ್ಟೆ, ಮರಿಗಳು ಬಹಳಷ್ಟು ಸಾಯುತ್ತವೆ. ಕಪ್ಪು ಹಾಳೆ ಇಷ್ಟು ಬಿಸಿ ಮಾಡದು. ಮಳೆ ಹಿಡಿದ ಮೇಲೆ ಆ ಮಡಿಗೆ ಇಡಿಯಾಗಿ ಚೆಂಡುಹೂ ಹಾಕಿ. ಅದರ ಬೇರಿನಲ್ಲಿ ಆಲ್ಫಾ-ಟರ್ಥೈನಿಲ್ ಎಂಬ ರಾಸಾಯನಿಕವಿದೆ. ಒಳಹೊಕ್ಕ ಜಂತುವನ್ನು ಅದು ಕೊಲ್ಲುತ್ತದೆ. ಟೊಮೆಟೊ ಸಾಲಿನ ಕೊನೆಯಲ್ಲಿ ಎರಡು ಚೆಂಡುಹೂ ಗಿಡ ನೆಟ್ಟು ಜಂತು ಓಡಿತೆಂದು ನಂಬುವವರಿದ್ದಾರೆ, ಅದು ಸಾಲದು. ಆ ಬೇರು ಮಡಿಯ ತುಂಬ ಹರಡಿ ಎರಡು ಮೂರು ತಿಂಗಳು ಇರಬೇಕು. ಜುಲೈ ಕೊನೆಗೆ ಸಸಿ ನೆಟ್ಟರೆ ಮಹಾನವಮಿಗೂ ದೀಪಾವಳಿಗೂ ಮನೆಯದೇ ಹೂವು ಸಿಗುತ್ತದೆ, ಹಬ್ಬ ಮುಗಿದ ಮೇಲೆ ಗಿಡವನ್ನು ಅಲ್ಲೇ ಕೊಚ್ಚಿ ಮಣ್ಣಿಗೆ ಸೇರಿಸಿ ನವೆಂಬರಿನಲ್ಲಿ ಟೊಮೆಟೊ ನೆಡಬಹುದು. ಹೂವು ಬೇಡವೆನ್ನುವವರು ಸೆಣಬು ಬಿತ್ತಲಿ. ಅದೂ ಈ ಜಂತುವಿಗೆ ಊಟ ಕೊಡುವುದಿಲ್ಲ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಸಾರಜನಕವೂ ಬರುತ್ತದೆ.

ನಾಟಿಗೆ ಮುಂಚೆ ಚದರ ಮೀಟರಿಗೆ 100ರಿಂದ 200 ಗ್ರಾಂ ಬೇವಿನ ಹಿಂಡಿ, ಎರಡೂವರೆ ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ. ಈ ಗೊಬ್ಬರದ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಮರಳಿಗೆ ನೀರು ಹಿಡಿಯುವ ಮೈಯನ್ನೂ ಪೋಷಕಾಂಶ ಹಿಡಿಯುವ ವಿದ್ಯುದಂಶವನ್ನೂ ಒಟ್ಟಿಗೆ, ಜೇಡಿಗಿಂತಲೂ ಹೆಚ್ಚಾಗಿ ಕೊಡಬಲ್ಲದ್ದು ಸಾವಯವ ಪದಾರ್ಥ. ನಮ್ಮ ಕೆಂಪು ಮಣ್ಣಿನ ಜೇಡಿಯಾದ ಕೇವೊಲಿನೈಟಿಗಿಂತ ಕಳಿತ ಹ್ಯೂಮಸ್ಸಿನ ಹಿಡಿತ ಹತ್ತು ಪಟ್ಟಿಗೂ ಹೆಚ್ಚು. ಜಂತುವನ್ನು ತಿನ್ನುವ ಶಿಲೀಂಧ್ರಗಳು, ಬೇರೆ ಜಾತಿಯ ಬೇಟೆಗಾರ ಜಂತುಗಳು, ನುಸಿಗಳು ಬದುಕುವುದೂ ಅದರಲ್ಲೇ. ಆದರೆ ನಮ್ಮ ಬಿಸಿಗೆ, ಮಳೆಗೆ ಅದು ಬೇಗ ಕರಗುತ್ತದೆ. ಒಂದು ಸಲ ಹಾಕಿ ಮರೆಯುವ ವಸ್ತುವಲ್ಲ, ಪ್ರತಿ ಬೆಳೆಗೂ ಹಾಕಬೇಕು.

ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಈ ಜಿಲ್ಲೆಯಲ್ಲಿ ಉತ್ತರ ರಸ್ತೆಬದಿಯಲ್ಲೇ ಇದೆ. ಅಡಿಕೆ ಸುಲಿಯುವ ಕಾಲದಲ್ಲಿ ಶಿವಮೊಗ್ಗ, ಭದ್ರಾವತಿಗಳ ಸುತ್ತ ಸಿಪ್ಪೆಯ ರಾಶಿಗಳು ಬೀಳುತ್ತವೆ, ಎಷ್ಟೋ ಕಡೆ ಅದಕ್ಕೆ ಬೆಂಕಿ ಹಾಕುತ್ತಾರೆ, ವಾರಗಟ್ಟಲೆ ಹೊಗೆ. ಮರಳು ನೆಲಕ್ಕೆ ಇಷ್ಟು ಒಳ್ಳೆಯ ವಸ್ತುವನ್ನು ಹೀಗೆ ಸುಡುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಹಸಿ ಸಿಪ್ಪೆಯನ್ನು ಮಾತ್ರ ಮಣ್ಣಿನೊಳಗೆ ಬೆರೆಸಬೇಡಿ. ಅದರಲ್ಲಿ ಲಿಗ್ನಿನ್ ಹೆಚ್ಚು, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ. ಮಡಿಯ ಮೇಲೆ ಮೂರು ಬೆರಳು ದಪ್ಪಕ್ಕೆ ಹೊದಿಕೆಯಾಗಿ ಹಾಸಿದರೆ ಈ ತೊಂದರೆ ಇಲ್ಲ, ಬಿಸಿಲಿಗೆ ನೀರು ಆರುವುದೂ ತಗ್ಗುತ್ತದೆ. ಉಳಿದದ್ದನ್ನು ಸಗಣಿ ಬಗ್ಗಡದ ಜೊತೆ ಪದರ ಪದರವಾಗಿ ಪೇರಿಸಿ, ತೇವ ಕಾಪಾಡಿ, ಕಪ್ಪಗೆ ಪುಡಿಯಾಗುವವರೆಗೂ ಕಾಯಬೇಕು. ಅಡಿಕೆ ತೋಟದ ಸೋಗೆ, ಹಾಳೆಗಳನ್ನು ಎರೆಗೊಬ್ಬರ ಮಾಡುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತನ್ನ ವಿಟ್ಲದ ಕೇಂದ್ರದಲ್ಲಿ ರೂಢಿಗೆ ತಂದಿದೆ. ಹಳ್ಳಿಯ ಕೆರೆಯ ಹೂಳು ಸಿಕ್ಕರೆ ಇನ್ನೂ ಒಳ್ಳೆಯದು, ಮಳೆ ಕೊಂಡೊಯ್ದ ಜೇಡಿಯೇ ಅದು. ಊರ ಚರಂಡಿ ಸೇರುವ ಕೆರೆಯ ಹೂಳು ಮಾತ್ರ ಬೇಡ.

ಇದ್ದಿಲಿನ ವಿಷಯ ಹೇಳದೆ ಭದ್ರಾವತಿಯನ್ನು ದಾಟಲಾಗದು. 1923ರಲ್ಲಿ ಇಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಾಡಿನ ಮರದ ಇದ್ದಿಲಿನಿಂದ. ಮರದ ಇದ್ದಿಲಿನ ಒಳಗೆಲ್ಲ ಸೂಕ್ಷ್ಮ ರಂಧ್ರಗಳು. ಅಮೆಜಾನ್ ಕಾಡಿನ ಬಡ ಮಣ್ಣಿನ ನಡುವೆ ಹಿಂದಿನ ಜನ ಇದ್ದಿಲು, ಅಡುಗೆಮನೆಯ ಕಸ ಸೇರಿಸಿ ಮಾಡಿದ ಕಪ್ಪು ನೆಲಗಳು ನೂರಾರು ವರ್ಷಗಳ ಬಳಿಕವೂ ಫಲವತ್ತಾಗಿಯೇ ಇವೆ, ಏಕೆಂದರೆ ಇದ್ದಿಲು ಗೊಬ್ಬರದಂತೆ ಬೇಗ ಕರಗುವುದಿಲ್ಲ. ಒಲೆಯ ಇದ್ದಿಲನ್ನು ಪುಡಿ ಮಾಡಿ ಗಂಜಲದಲ್ಲೋ ಗೊಬ್ಬರದ ಗುಂಡಿಯಲ್ಲೋ ಕೆಲವು ವಾರ ನೆನೆಸಿ ಮರಳಿಗೆ ಸೇರಿಸಿ. ನೆನೆಸದೆ ಹಾಕಿದರೆ ಮೊದಲ ಬೆಳೆಯ ಪೋಷಕಾಂಶವನ್ನು ಅದೇ ಹೀರಿಕೊಳ್ಳುತ್ತದೆ.

ಇನ್ನು ನೆಲದ ಮೇಲಿನ ಕೀಟಗಳು. ಟೊಮೆಟೊ ಕಾಯಿಕೊರಕದ ಬಗ್ಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಪ್ರಕಟಿಸಿದ ಕೆಲಸ ನನ್ನ ಮೆಚ್ಚಿನದು. 45 ದಿನದ ಚೆಂಡುಹೂ ಸಸಿ ಮತ್ತು 25 ದಿನದ ಟೊಮೆಟೊ ಸಸಿಯನ್ನು ಒಂದೇ ದಿನ ನೆಟ್ಟರು, 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ವಯಸ್ಸಿನ ಈ ಅಂತರದಿಂದ ಎರಡೂ ಒಟ್ಟಿಗೆ ಹೂಬಿಡುತ್ತವೆ. ಕಾಯಿಕೊರಕದ ಪತಂಗ ಟೊಮೆಟೊವನ್ನು ಬಿಟ್ಟು ಚೆಂಡುಹೂವಿನ ಮೊಗ್ಗಿಗೆ ಹೋಗಿ ಮೊಟ್ಟೆ ಇಡುತ್ತದೆ. ಇದಕ್ಕೆ ಬಲೆ ಬೆಳೆ ಎನ್ನುತ್ತಾರೆ. ಹುಳು ಹಿಡಿದ ಹೂಗಳನ್ನು ಆಗಾಗ ಕಿತ್ತು ನಾಶ ಮಾಡಬೇಕು, ಇಲ್ಲವಾದರೆ ಬಲೆಯೇ ತೊಟ್ಟಿಲಾಗುತ್ತದೆ. ಅದೇ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಹಿತ್ತಿಲಿಗೆ ಹೇಳಿಮಾಡಿಸಿದಂಥವು. ಲೀಟರಿಗೆ 5ರಿಂದ 10 ಗ್ರಾಂ ಕರಗಿಸಿ, ಸಂಜೆ, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಸಂಜೆಯೇ ಏಕೆಂದರೆ ಬೇವಿನ ಸತ್ವವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಒಡೆಯುತ್ತದೆ. ಅದು ಹುಳುವನ್ನು ತಕ್ಷಣ ಸಾಯಿಸದೆ, ಪೊರೆ ಕಳಚುವ ಅದರ ಹಾರ್ಮೋನಿನ ವ್ಯವಸ್ಥೆಯನ್ನು ಕೆಡಿಸುತ್ತದೆ. ಮರುದಿನ ಹುಳು ಜೀವಂತ ಕಂಡಿತೆಂದು ಬೇರೆ ವಿಷಕ್ಕೆ ಕೈಹಾಕದೆ ಕೆಲವು ದಿನ ಕಾಯಿರಿ.

ಬೆಂಡೆಯ ಹಳದಿ ನಂಜುರೋಗಕ್ಕೆ ಯಾವ ಔಷಧಿಯೂ ಇಲ್ಲ. ಬಿಳಿನೊಣ ಹರಡುವ ವೈರಸ್ ಅದು, ನರ ಹಳದಿಯಾದ ಗಿಡವನ್ನು ಕಂಡ ದಿನವೇ ಕೀಳಬೇಕು. ಬದನೆಯ ಚಿಗುರು ಜೋತುಬಿದ್ದರೆ ಒಳಗೆ ಕೊರಕವಿದೆ, ಒಂದಿಂಚು ಕೆಳಗೆ ಕತ್ತರಿಸಿ ಸುಡಿ. ಹೀರೆ, ಹಾಗಲಗಳಿಗೆ ಚುಚ್ಚುವ ಹಣ್ಣಿನ ನೊಣಕ್ಕೆ ಸಡಿಲ ಮರಳು ನೆಲ ಬಹಳ ಅನುಕೂಲ, ಅದು ಕೋಶಾವಸ್ಥೆ ಕಳೆಯುವುದು ಮಣ್ಣಿನ ಮೇಲಿನ ಒಂದೆರಡು ಇಂಚಿನಲ್ಲಿ. ಬಳ್ಳಿಯ ಬುಡವನ್ನು ಆಗಾಗ ಕೆದಕಿದರೆ ಕೋಳಿ, ಇರುವೆ, ಬಿಸಿಲು ಉಳಿದ ಕೆಲಸ ಮಾಡುತ್ತವೆ. ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಲವು ದಿನ ಬಿಸಿಲಿಗಿಡಿ.

ಹಿಟ್ಟು ತಿಗಣೆಯ ವಿಷಯದಲ್ಲಿ ಕೈ ಬಿಗಿಹಿಡಿಯುವುದೇ ಜಾಣತನ. 2008ರಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣ ಭಾರತಕ್ಕೆ ಬಂದು ಪಪ್ಪಾಯಿ, ಮರಗೆಣಸು, ದಾಸವಾಳ, ಬದನೆಗಳನ್ನೆಲ್ಲ ಬೆಳ್ಳಗೆ ಮುಚ್ಚಿತು, ವಿಷಗಳು ಸೋತವು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟಗಳ ಬ್ಯೂರೋ ಪೋರ್ಟೊರಿಕೊದಿಂದ ಅಸೆರೊಫೇಗಸ್ ಪಪಾಯೆ ಎಂಬ ಪುಟ್ಟ ಕಣಜವನ್ನು ತರಿಸಿ ಬಿಟ್ಟಿತು. ತಿಗಣೆಯ ಒಡಲೊಳಗೆ ಮೊಟ್ಟೆ ಇಡುವ ಆ ಕಣಜ ಪಿಡುಗನ್ನು ಅಡಗಿಸಿತು. ಕಂಡದ್ದಕ್ಕೆಲ್ಲ ವಿಷ ಹೊಡೆಯುವ ಹಿತ್ತಿಲಲ್ಲಿ ಮೊದಲು ಸಾಯುವುದು ಇಂಥವೇ. ಇನ್ನೊಂದು ಮಾತು: ತಿಗಣೆಗಳ ನಡುವೆ ಅವಕ್ಕಿಂತ ದೊಡ್ಡದಾಗಿ, ಉದ್ದ ಬಿಳಿ ಮೇಣದ ಎಳೆಗಳಿಂದ ಕೂಡಿ, ಚುರುಕಾಗಿ ಓಡಾಡುವ ಹುಳು ಕಂಡರೆ ಹೊಸಕಬೇಡಿ. ಅದು ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಕಾಫಿ ತೋಟಗಳಿಗೆಂದು 1898ರಲ್ಲಿ ಭಾರತಕ್ಕೆ ತಂದ ಈ ಜೀವಿ ನಮ್ಮಲ್ಲೇ ನೆಲೆಸಿದೆ.

ತೋಟಕ್ಕೆ ತಂದ ಬೋರ್ಡೋ ದ್ರಾವಣದಲ್ಲಿ ಮಿಕ್ಕದ್ದನ್ನು ಹಿತ್ತಿಲ ತರಕಾರಿಗೆ ಪದೇ ಪದೇ ಹೊಡೆಯುವ ರೂಢಿ ಕೆಲವರಲ್ಲಿದೆ. ಅಡಿಕೆಯ ಕೊಳೆರೋಗಕ್ಕೆ ಅದು ನೂರು ವರ್ಷಗಳಿಂದ ಆಸರೆ, ನಿಜ. ಆದರೆ ಅದರಲ್ಲಿರುವ ತಾಮ್ರ ನೈಟ್ರೇಟಿನಂತೆ ಇಳಿದುಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂಡಿಕೊಂಡು ಎರೆಹುಳುಗಳನ್ನು ಕಾಡುತ್ತದೆ. ಮರಳು ನೆಲ ಆ ಭಾರವನ್ನು ತಾಳಲಾರದು.

ಇಷ್ಟೆಲ್ಲ ಹೇಳಿದೆನೆಂದು ಮರಳನ್ನು ಶಾಪವೆಂದು ತಿಳಿಯಬಾರದು. ಉಡುಪಿಯ ಮಟ್ಟು ಗ್ರಾಮದ ಗುಳ್ಳ ಬದನೆ ಬೆಳೆಯುವುದು ಕಡಲಂಚಿನ ಮರಳುಮಿಶ್ರಿತ ನೆಲದಲ್ಲಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಮೂಲಂಗಿ, ಗೆಣಸು, ಶೇಂಗಾ, ಅಲಸಂದೆ, ನುಗ್ಗೆ, ಕುಂಬಳಗಳಿಗೆ ಜೇಡಿಗಿಂತ ಮರಳೇ ಹಿತ. ಬೇರು ಕೊಳೆಯುವ ಭಯವೂ ಇಲ್ಲಿ ಕಡಿಮೆ. ಮಣ್ಣು ಪರೀಕ್ಷೆ ಮಾಡಿಸಬೇಕೆನ್ನುವವರಿಗೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರ ಶಿವಮೊಗ್ಗದಲ್ಲೇ ಇದೆ.

ಈ ಸಲ ಬೆಂಡೆಯೋ ಟೊಮೆಟೊವೋ ಮುಗಿದಾಗ ಕಾಂಡವನ್ನಷ್ಟೇ ಕತ್ತರಿಸಿ ಬೇರನ್ನು ನೆಲದಲ್ಲಿ ಬಿಡಬೇಡಿ. ಗುದ್ದಲಿ ಹಾಕಿ ಬುಡಸಮೇತ ಎಬ್ಬಿಸಿ, ಬೇರನ್ನು ಬಕೆಟ್ ನೀರಿನಲ್ಲಿ ಅದ್ದಿ ತೊಳೆದು ನೋಡಿ. ಗಂಟುಗಳಿದ್ದರೆ ಬೇರನ್ನು ಒಣಗಿಸಿ ಸುಟ್ಟುಬಿಡಿ, ಆ ನೀರನ್ನು ಬೇರೆ ಮಡಿಗೆ ಚೆಲ್ಲಬೇಡಿ, ಗುದ್ದಲಿಯನ್ನು ತೊಳೆದು ಬಿಸಿಲಿಗಿಡಿ. ಮುಂದಿನ ಬೆಳೆಯಾಗಿ ಅಲ್ಲಿ ಚೆಂಡುಹೂ ಹಾಕಿ.